ವಿನಾಯಿತಿಯ ಹಣವೂ ಮನಸ್ಸಾಕ್ಷಿಯ ಲೆಕ್ಕವೂ



2025ರ ಆಗಸ್ಟ್ ತಿಂಗಳ ಒಂದು ಭಾನುವಾರ ಬಲಿಪೂಜೆ ಮುಗಿದ ಮೇಲೆ ಪರಿಚಯದ ಶಿಕ್ಷಕರೊಬ್ಬರು ಗುರುನಿವಾಸದ ಕಟ್ಟೆಗೆ ಬಂದು ಕುಳಿತರು. ಸರಕಾರಿ ಶಾಲೆಯ ಮಾಸ್ತರರು, ಬೈಲಹೊಂಗಲದ ಕಡೆಯವರು. ಅವರು ಪಾಪನಿವೇದನೆಗೆ ಬಂದವರಲ್ಲ. ಹಾಗೆ ಬಂದಿದ್ದರೆ ಈ ಲೇಖನವನ್ನು ನೀವು ಓದುತ್ತಿರಲಿಲ್ಲ. ಅವರ ಒಪ್ಪಿಗೆ ಪಡೆದು, ಗುರುತು ಸಿಗಬಹುದಾದ ಸಂಗತಿಗಳನ್ನು ಬಿಟ್ಟು ಬರೆಯುತ್ತಿದ್ದೇನೆ.

ಮಾಸ್ತರರು 2023ರ ಮೇ ತಿಂಗಳಲ್ಲಿ ಬ್ಯಾಂಕಿನಿಂದ ಎಂಟು ಲಕ್ಷ ರೂಪಾಯಿ ಸಾಲ ಪಡೆದು ವಿದ್ಯುತ್ ಚಾಲಿತ ಕಾರನ್ನು ಕೊಂಡಿದ್ದರು. ಮರುವರ್ಷ ಆದಾಯ ತೆರಿಗೆಯ ಲೆಕ್ಕ ಸಲ್ಲಿಸುವಾಗ, ಅದನ್ನು ತುಂಬಿಕೊಡುವವನು, "ಸರ್, ಕರೆಂಟಿನ ಗಾಡಿ ಸಾಲದ ಬಡ್ಡಿಗೆ ವಿನಾಯಿತಿ ಐತ್ರಿ" ಎಂದು ಹೇಳಿ ಸುಮಾರು ಅರವತ್ತು ಸಾವಿರ ರೂಪಾಯಿಯ ಬಡ್ಡಿಯನ್ನು ಆದಾಯದಿಂದ ಕಳೆದನು. ಶೇಕಡ 20ರ ದರದಲ್ಲಿ ಹನ್ನೆರಡು ಸಾವಿರ, ಅದರ ಮೇಲಿನ ಸೆಸ್ ಸೇರಿ 12,480 ರೂಪಾಯಿ ಮಾಸ್ತರರ ಖಾತೆಗೆ ಮರಳಿ ಬಂತು. ಅವರು ಅದನ್ನು ಮರೆತೂಬಿಟ್ಟಿದ್ದರು. ಈ ಸಲ ಲೆಕ್ಕ ಸಲ್ಲಿಸಲು ಹೋದಾಗ ನಮೂನೆ ಬದಲಾಗಿತ್ತು. ಬ್ಯಾಂಕಿನ ಹೆಸರು, ಸಾಲದ ಖಾತೆಯ ಸಂಖ್ಯೆ, ಗಾಡಿಯ ನೋಂದಣಿ ಸಂಖ್ಯೆ ಇವುಗಳ ಜೊತೆಗೆ ಸಾಲ ಮಂಜೂರಾದ ದಿನಾಂಕವನ್ನೂ ಅದು ಕೇಳುತ್ತಿತ್ತು. ಲೆಕ್ಕ ತುಂಬುವವನು ತಲೆ ಕೆರೆದುಕೊಂಡು, "ಮಾರ್ಚ್ ಅಂತ ಹಾಕೂಣ್ರಿ" ಎಂದನಂತೆ. ಮಾಸ್ತರರಿಗೆ ಆಗ ಮೊದಲ ಬಾರಿಗೆ ಸಂಶಯ ಬಂತು. ಮೇ ತಿಂಗಳ ಸಾಲಕ್ಕೆ ಮಾರ್ಚ್ ಎಂದು ಏಕೆ ಬರೆಯಬೇಕು?

ಕಾರಣ ಇಷ್ಟೇ. 2019ರ ಜುಲೈ ತಿಂಗಳ ಮುಂಗಡಪತ್ರದಲ್ಲಿ ಕೇಂದ್ರ ಸರಕಾರವು ಆಗಿನ ಆದಾಯ ತೆರಿಗೆ ಕಾಯ್ದೆಗೆ 80ಇಇಬಿ ಎಂಬ ಕಲಮನ್ನು ಸೇರಿಸಿತು. ವಿದ್ಯುತ್ ವಾಹನಕ್ಕಾಗಿ ಸಾಲ ಪಡೆದ ವ್ಯಕ್ತಿ ತಾನು ಕಟ್ಟಿದ ಬಡ್ಡಿಯಲ್ಲಿ ವರ್ಷಕ್ಕೆ 1,50,000 ರೂಪಾಯಿವರೆಗೆ ತನ್ನ ಆದಾಯದಿಂದ ಕಳೆದುಕೊಳ್ಳಬಹುದು ಎಂಬುದು ಅದರ ಸಾರ. ಆದರೆ ಸಾಲವು 2019ರ ಏಪ್ರಿಲ್ 1ರಿಂದ 2023ರ ಮಾರ್ಚ್ 31ರೊಳಗೆ ಮಂಜೂರಾಗಿರಬೇಕು. ತೆರಿಗೆಯ ಹಳೆಯ ಪದ್ಧತಿಯನ್ನು ಆರಿಸಿಕೊಂಡವರಿಗೆ ಮಾತ್ರ ಇದು ಅನ್ವಯ. ಆ ಗಡುವು ಮುಂದೆ ವಿಸ್ತರಣೆಯಾಗಲಿಲ್ಲ. ನಮ್ಮ ಮಾಸ್ತರರ ಸಾಲ ಗಡುವು ಮುಗಿದು ಆರು ವಾರಗಳ ನಂತರದ್ದು.

ಆರು ವಾರ! ಈ ಅಲ್ಪ ಅಂತರವೇ ಅವರನ್ನು ಕಾಡುತ್ತಿತ್ತು. ಅದೇ ಜುಲೈ 14ರಂದು ಆದಾಯ ತೆರಿಗೆ ಇಲಾಖೆಯು ದೇಶದ 150 ಸ್ಥಳಗಳಲ್ಲಿ ಸುಳ್ಳು ವಿನಾಯಿತಿಗಳ ಬಗ್ಗೆ ಪರಿಶೀಲನೆ ನಡೆಸಿದ ಸುದ್ದಿ ಬಂದಿತ್ತು. ದುರುಪಯೋಗವಾದ ಕಲಮುಗಳ ಪಟ್ಟಿಯಲ್ಲಿ 80ಇಇಬಿಯೂ ಇತ್ತು. ಹಿಂದಿನ ನಾಲ್ಕು ತಿಂಗಳಲ್ಲಿ ಸುಮಾರು 40,000 ಮಂದಿ ತಾವಾಗಿಯೇ ಲೆಕ್ಕ ತಿದ್ದಿ, 1,045 ಕೋಟಿ ರೂಪಾಯಿಯ ಸುಳ್ಳು ಬೇಡಿಕೆಗಳನ್ನು ಹಿಂದಕ್ಕೆ ಪಡೆದಿದ್ದಾರೆ ಎಂದು ಇಲಾಖೆ ತಿಳಿಸಿತ್ತು. ಮಾಸ್ತರರಿಗೆ ಯಾವ ನೋಟಿಸೂ ಬಂದಿರಲಿಲ್ಲ. ಅವರ ಪ್ರಶ್ನೆ ನೇರವಾಗಿತ್ತು: "ಫಾದರ್, ನೋಟಿಸ್ ಬರದಿದ್ರ ಸುಮ್ಮನಿರಬಹುದೋ, ಹೆಂಗ?"

ನೀವಾಗಿದ್ದರೆ ಏನು ಹೇಳುತ್ತಿದ್ದಿರಿ? ನಾನು ಅಂದು ತಕ್ಷಣ ಉತ್ತರ ಕೊಡಲಿಲ್ಲ. ಅವರ ವಾದಗಳನ್ನು ಒಂದೊಂದಾಗಿ ಕೇಳಿದೆ. ಅವು ಬರಿಯ ನೆಪಗಳಾಗಿರಲಿಲ್ಲ.

ಮೊದಲನೆಯದಾಗಿ ಅವರು ಹೇಳಿದ್ದು: "ಸರಕಾರಕ್ಕೆ ಬೇಕಾಗಿದ್ದೇನು? ಹೊಗೆ ಕಡಿಮೆ ಆಗಬೇಕು, ಜನ ಕರೆಂಟಿನ ಗಾಡಿ ತಗೋಬೇಕು. ನಾ ತಗೊಂಡೆ. ಕಾನೂನಿನ ಉದ್ದೇಶ ಈಡೇರ್ತಲ್ರೀ." ಇದನ್ನು ಕೇಳಿದಾಗ ನನಗೆ ಗುರುಮಠದ ನೀತಿಶಾಸ್ತ್ರದ ತರಗತಿ ನೆನಪಾಯಿತು. ಕಾನೂನಿನ ಅಕ್ಷರಕ್ಕಿಂತ ಅದನ್ನು ಮಾಡಿದವನ ಆಶಯ ದೊಡ್ಡದು ಎಂಬ ತತ್ವಕ್ಕೆ ಗ್ರೀಕರು ಎಪಿಕೇಯ ಎಂದು ಹೆಸರಿಟ್ಟರು. ಅರಿಸ್ಟಾಟಲನು ಹೇಳಿದ ಈ ತತ್ವವನ್ನು ಸಂತ ಥಾಮಸ್ ಅಕ್ವಿನಾಸರು ಒಂದು ಉದಾಹರಣೆಯಿಂದ ವಿವರಿಸುತ್ತಾರೆ. ಇಟ್ಟುಕೊಳ್ಳಲು ಕೊಟ್ಟ ವಸ್ತುವನ್ನು ಕೇಳಿದಾಗ ಮರಳಿಸಬೇಕೆಂಬುದು ನಿಯಮ. ಆದರೆ ಖಡ್ಗವನ್ನು ಕೊಟ್ಟುಹೋದವನು ಹುಚ್ಚು ಹಿಡಿದ ಸ್ಥಿತಿಯಲ್ಲಿ ಬಂದು ಅದನ್ನು ಕೇಳಿದರೆ? ಆಗ ಮರಳಿಸದಿರುವುದೇ ಧರ್ಮ. ನಿಯಮ ಮಾಡಿದವನು ಅಲ್ಲಿದ್ದರೆ ಅವನೂ ಹಾಗೆಯೇ ಹೇಳುತ್ತಿದ್ದನು.

ಮಾಸ್ತರರ ವಾದ ಈ ಸಾಲಿನಲ್ಲಿ ನಿಲ್ಲುತ್ತದೆಯೇ? ನಿಲ್ಲುವುದಿಲ್ಲ ಎಂದೇ ನನ್ನ ಅಭಿಪ್ರಾಯ. ಎಪಿಕೇಯ ತತ್ವವು, ನಿಯಮವನ್ನು ಅಕ್ಷರಶಃ ಪಾಲಿಸಿದರೆ ಕೇಡಾಗುವ ಸಂದರ್ಭಕ್ಕೆ ಸಂಬಂಧಿಸಿದ್ದು. ಇಲ್ಲಿ ಯಾರಿಗೂ ಕೇಡಾಗುವುದಿಲ್ಲ. ಒಬ್ಬರಿಗೆ ಒಂದು ಕೊಡುಗೆ ಸಿಗುವುದಿಲ್ಲ, ಅಷ್ಟೆ. ವಿನಾಯಿತಿ ಎಂಬುದು ನಾಡಿನ ಬೊಕ್ಕಸವು ಮಿತಿ ಹಾಕಿ ಕೊಡುವ ಕೊಡುಗೆ. ಇಂಥವರಿಗೆ, ಇಷ್ಟು, ಇಂಥ ದಿನದವರೆಗೆ ಎಂಬ ಮಿತಿಯನ್ನು ತೆಗೆದುಬಿಟ್ಟರೆ ಆ ಕೊಡುಗೆಗೆ ರೂಪವೇ ಉಳಿಯುವುದಿಲ್ಲ. ರೈತ ಸಂಪರ್ಕ ಕೇಂದ್ರದಲ್ಲಿ ಬಿತ್ತನೆ ಬೀಜವನ್ನು ರಿಯಾಯಿತಿ ದರದಲ್ಲಿ ಕೊಡುತ್ತಾರೆ. ಬೇರೆಯವರ ಉತಾರ ತೋರಿಸಿ ಎರಡು ಚೀಲ ಹೆಚ್ಚು ಒಯ್ದವನೂ ಬಿತ್ತುವುದು ಬೀಜವನ್ನೇ, ಬೆಳೆಯುವುದು ಬೆಳೆಯನ್ನೇ. ಉದ್ದೇಶ ಈಡೇರಿತೆಂದು ನಾವು ಅವನನ್ನು ಹೊಗಳುತ್ತೇವೆಯೇ? ಇನ್ನೊಂದು ಮಾತು. ಮಾಸ್ತರರು ಕಾರು ಕೊಂಡಾಗ ಈ ವಿನಾಯಿತಿಯ ವಿಚಾರ ಅವರಿಗೆ ಗೊತ್ತೇ ಇರಲಿಲ್ಲ. ಅಂದಮೇಲೆ ಅದು ಅವರನ್ನು ಕೊಳ್ಳಲು ಪ್ರೇರೇಪಿಸಿತು ಎನ್ನುವಂತೆಯೂ ಇಲ್ಲ. ಇದನ್ನು ಹೇಳಿದಾಗ ಅವರು ನಕ್ಕರು.

ಎರಡನೆಯ ವಾದ ಇನ್ನಷ್ಟು ಹಳೆಯದು. "ತೆರಿಗೆ ಅನ್ನೋದು ಸರಕಾರಕ್ಕೂ ನಮಗೂ ನಡೆಯೋ ಆಟ ಇದ್ದಂಗ. ಸಿಕ್ಕರ ದಂಡ ಕಟ್ಟೋದು. ಇದರಾಗ ಪಾಪ ಎಲ್ಲಿ ಬಂತ್ರಿ?" ಓದುಗರೇ, ಇದನ್ನು ಸಂತೆಯ ಮಾತೆಂದು ತಳ್ಳಿಹಾಕಬೇಡಿ. ಹದಿನಾರನೆಯ ಶತಮಾನದಿಂದ ನಮ್ಮ ದೇವಶಾಸ್ತ್ರಜ್ಞರೇ ಇದನ್ನು ಗಂಭೀರವಾಗಿ ಚರ್ಚಿಸಿದ್ದಾರೆ. ಕೆಲವು ಕಾನೂನುಗಳು ಮನಸ್ಸಾಕ್ಷಿಯನ್ನು ನೇರವಾಗಿ ಕಟ್ಟುವುದಿಲ್ಲ, ಮುರಿದು ಸಿಕ್ಕಿಬಿದ್ದವನು ದಂಡವನ್ನು ತೆತ್ತರೆ ಸಾಕು ಎಂಬ ಅಭಿಪ್ರಾಯ ಸ್ಪೇನಿನ ಪಂಡಿತರಲ್ಲಿ ಬೆಳೆಯಿತು. ನೀತಿಶಾಸ್ತ್ರದ ಹಳೆಯ ಕೈಪಿಡಿಗಳು ಸುಂಕ, ತೆರಿಗೆಗಳನ್ನು ಅನೇಕ ವೇಳೆ ಈ ಗುಂಪಿಗೆ ಸೇರಿಸುತ್ತಿದ್ದವು.

ಆ ಅಭಿಪ್ರಾಯ ಹುಟ್ಟಿದ ಕಾಲವನ್ನು ನೋಡಬೇಕು. ರಾಜನು ತನ್ನ ಯುದ್ಧಕ್ಕೆ, ಅರಮನೆಗೆ ತೆರಿಗೆ ಎತ್ತುತ್ತಿದ್ದನು, ಕೊಡುವವನನ್ನು ಕೇಳುವವರಿರಲಿಲ್ಲ. ಅಕ್ವಿನಾಸರು ಕೂಡ ಸಾರ್ವಜನಿಕ ಒಳಿತಿಗಾಗಿ ಅರಸನು ವಸೂಲು ಮಾಡುವುದು ದರೋಡೆಯಲ್ಲ, ಅನ್ಯಾಯವಾಗಿ ಕಿತ್ತುಕೊಂಡರೆ ಅದು ದರೋಡೆಯೇ ಎಂದಿದ್ದಾರೆ. ಇದನ್ನು ನಮ್ಮ ಸೀಮೆಯ ಜನರಿಗೆ ಬಿಡಿಸಿ ಹೇಳಬೇಕಾಗಿಲ್ಲ. 1824ರ ಅಕ್ಟೋಬರ್ 23ರಂದು ಕಿತ್ತೂರಿನ ಕೋಟೆಯ ಮುಂದೆ ಥ್ಯಾಕರೆ ಬಿದ್ದನು. ಕಂಪನಿ ಸರಕಾರಕ್ಕೆ ತಲೆಬಾಗಲೊಪ್ಪದ ರಾಣಿ ಚೆನ್ನಮ್ಮ 1829ರ ಫೆಬ್ರವರಿಯಲ್ಲಿ ಬೈಲಹೊಂಗಲದ ಸೆರೆಯಲ್ಲಿ ತೀರಿಕೊಂಡಳು; ಅವಳ ಸಮಾಧಿಯ ಮುಂದೆ ನಾವು ನಿತ್ಯ ಹಾದುಹೋಗುತ್ತೇವೆ. 1939ರ ಏಪ್ರಿಲ್‌ನಲ್ಲಿ ರಾಮದುರ್ಗ ಸಂಸ್ಥಾನದ ಪ್ರಜೆಗಳು ಕೆರಳಿ ಎದ್ದುದರ ಹಿಂದೆಯೂ ತೆರಿಗೆಯ ಭಾರವಿತ್ತು. ಪರರಿಗೆ ಕಪ್ಪ ಕೊಡಲೊಲ್ಲೆ ಎಂಬ ಛಲ ಈ ಮಣ್ಣಿನಲ್ಲಿ ಮರ್ಯಾದೆಯ ಮಾತಾಗಿದೆ.

ಆದರೆ ಆ ಛಲವನ್ನು ನಾವಿಂದು ಎಲ್ಲಿ ಬಳಸುತ್ತಿದ್ದೇವೆ? ಮಾಸ್ತರರಿಗೆ ಸಂಬಳ ಬರುವುದು ಅದೇ ಬೊಕ್ಕಸದಿಂದ. ಅವರ ಶಾಲೆಯ ಬಿಸಿಯೂಟ ಬರುವುದು ಅದೇ ಬೊಕ್ಕಸದಿಂದ. ಆ ಬೊಕ್ಕಸವನ್ನು ನೋಡಿಕೊಳ್ಳುವವರನ್ನು ಆರಿಸಿದವರೂ ನಾವೇ, ಬದಲಿಸಬಲ್ಲವರೂ ನಾವೇ. 1965ರಲ್ಲಿ ದ್ವಿತೀಯ ವ್ಯಾಟಿಕನ್ ಮಹಾಸಭೆಯು ನ್ಯಾಯಯುತ ತೆರಿಗೆಯನ್ನು ಮೋಸದಿಂದ ತಪ್ಪಿಸಿಕೊಳ್ಳುವವರನ್ನು ಖಂಡಿಸಿತು. 1992ರಲ್ಲಿ ಪ್ರಕಟವಾದ ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥವು ತೆರಿಗೆ ಕಟ್ಟುವುದನ್ನು ಮತದಾನದ ಪಕ್ಕದಲ್ಲಿಟ್ಟು ನೈತಿಕ ಕರ್ತವ್ಯವೆಂದು ಕರೆಯುತ್ತದೆ. ತೆರಿಗೆ ವಂಚನೆಯನ್ನು ಕಳವಿನ ಅಧ್ಯಾಯದಲ್ಲಿಯೇ ಸೇರಿಸುತ್ತದೆ. ಹಳೆಯ ಕೈಪಿಡಿಗಳ ಆಶ್ರಯ ನಮಗೆ ಉಳಿದಿಲ್ಲ.

ಸರಕಾರ ಹಣವನ್ನು ಪೋಲು ಮಾಡುವುದಿಲ್ಲವೇ ಎಂದು ನೀವು ಕೇಳಬಹುದು. ಮಾಡುತ್ತದೆ. ಅದಕ್ಕೆ ಮತಪೆಟ್ಟಿಗೆ ಇದೆ, ಮಾಹಿತಿ ಹಕ್ಕು ಇದೆ, ಗ್ರಾಮಸಭೆ ಇದೆ. ನಾನು ಸುಳ್ಳು ದಿನಾಂಕ ಬರೆಯುವುದರಿಂದ ಒಂದು ರೂಪಾಯಿಯ ಪೋಲೂ ನಿಲ್ಲುವುದಿಲ್ಲ.

ಈಗ ಈ ವಿನಾಯಿತಿಗಳ ಹಣವನ್ನು ಯಾರು ಹೊರುತ್ತಾರೆ ಎಂಬುದನ್ನು ಸ್ವಲ್ಪ ನಿಧಾನವಾಗಿ ನೋಡೋಣ. ನನಗೆ ಈ ವಿಚಾರದಲ್ಲಿ ಇದೇ ಬಹಳ ಮುಖ್ಯವೆನಿಸಿದೆ. 2019ರ ಆಗಸ್ಟ್ 1ರಿಂದ ವಿದ್ಯುತ್ ವಾಹನಗಳ ಮೇಲಿನ ಜಿಎಸ್‌ಟಿಯನ್ನು ಶೇಕಡ 12ರಿಂದ 5ಕ್ಕೆ ಇಳಿಸಲಾಯಿತು. ಹದಿನೈದು ಲಕ್ಷದ ಕಾರಿಗೂ ಶೇಕಡ 5. ಸವದತ್ತಿಯ ಹೊಲದಲ್ಲಿ ಹತ್ತಿ ಬಿಡಿಸುವ ಕೂಲಿ ಹೆಣ್ಣುಮಗಳು ತನ್ನ ಮೊಬೈಲಿಗೆ ರೀಚಾರ್ಜ್ ಮಾಡಿಸಿದರೆ ಅದರಲ್ಲಿ ಶೇಕಡ 18 ಜಿಎಸ್‌ಟಿ. ಅವಳಿಗೆ ಯಾವ ನಮೂನೆಯೂ ಇಲ್ಲ, ಯಾವ ಕಲಮೂ ಇಲ್ಲ. ಅಂಗಡಿಯ ಮುಂದೆ ನಿಂತಾಗಲೇ ಅವಳ ತೆರಿಗೆ ಸಂದಾಯವಾಗಿಬಿಟ್ಟಿರುತ್ತದೆ. ತಪ್ಪಿಸಿಕೊಳ್ಳುವ ಕಲೆ ಅವಳಿಗೆ ಗೊತ್ತಿಲ್ಲ, ಗೊತ್ತಿದ್ದರೂ ದಾರಿಯಿಲ್ಲ. ಮಾಸ್ತರರಿಗೆ ಮರಳಿ ಬಂದ 12,480 ರೂಪಾಯಿಯಲ್ಲಿ ಅವಳ ಪಾಲೂ ಇದೆ.

ಹಾಗಾದರೆ ಉಳ್ಳವರು ವಿನಾಯಿತಿ ಪಡೆಯುವುದೇ ತಪ್ಪೇ? ಹಾಗೆ ನಾನು ಹೇಳುವುದಿಲ್ಲ. ಹೊಗೆಯಿಲ್ಲದ ಗಾಡಿಯಿಂದ ಅವಳ ಮಕ್ಕಳ ಉಸಿರಿಗೂ ಒಳಿತಿದೆ, ಆಮದಾಗುವ ಎಣ್ಣೆಯ ಹೊರೆಯೂ ತಗ್ಗುತ್ತದೆ ಎಂದು ನಾಡು ತೀರ್ಮಾನಿಸಿ ಕೊಟ್ಟದ್ದನ್ನು ನಿಯಮದಂತೆ ಪಡೆಯುವುದು ಹಕ್ಕು. ಅದರಲ್ಲಿ ಸಂಕೋಚ ಬೇಕಿಲ್ಲ. (ನಮ್ಮ ಕಾರಿಗೆ ಬರುವ ವಿದ್ಯುತ್ತೆಲ್ಲ ಸವದತ್ತಿ ಗುಡ್ಡಗಳ ಗಾಳಿಯಂತ್ರಗಳಿಂದಲೇ ಬರುತ್ತದೆ ಎಂದು ಮಾತ್ರ ಯಾರೂ ಬೀಗಬಾರದು, ಕಲ್ಲಿದ್ದಲಿನ ಪಾಲು ಇನ್ನೂ ದೊಡ್ಡದಿದೆ.) ಕೊಡುವವರೂ ನ್ಯಾಯವನ್ನು ಯೋಚಿಸದೆ ಇಲ್ಲ. ಕೇಂದ್ರದ ಫೇಮ್ ಯೋಜನೆಯ ಎರಡನೆಯ ಹಂತದಲ್ಲಿ, 2019ರಿಂದ 2024ರವರೆಗೆ, ಸ್ವಂತ ಬಳಕೆಯ ಕಾರುಗಳಿಗೆ ಸಹಾಯಧನವಿರಲಿಲ್ಲ. ಅದು ದ್ವಿಚಕ್ರ ವಾಹನಗಳಿಗೆ, ಬಾಡಿಗೆಗೆ ಓಡುವ ಗಾಡಿಗಳಿಗೆ, ಬಸ್ಸುಗಳಿಗೆ ಮೀಸಲಾಗಿತ್ತು. 2017ರಲ್ಲಿಯೇ ವಿದ್ಯುತ್ ವಾಹನ ನೀತಿಯನ್ನು ರೂಪಿಸಿದ ನಮ್ಮ ಕರ್ನಾಟಕವು ಈ ವಾಹನಗಳಿಗೆ ರಸ್ತೆ ತೆರಿಗೆಯನ್ನು ಪೂರ್ತಿ ಬಿಟ್ಟುಕೊಟ್ಟಿತ್ತು. 2024ರಲ್ಲಿ 25 ಲಕ್ಷ ರೂಪಾಯಿಗೂ ಮೀರಿದ ಕಾರುಗಳಿಗೆ ಶೇಕಡ 10ರ ತೆರಿಗೆ ವಿಧಿಸಿತು. ಅಮೆರಿಕೆಯಲ್ಲಿರುವ ನಮ್ಮವರ ಮಕ್ಕಳು ಹೊಸ ಕಾರಿಗೆ 7,500 ಡಾಲರುಗಳವರೆಗೆ ತೆರಿಗೆ ಕಡಿತ ಪಡೆಯುತ್ತಿದ್ದರು. ಅಲ್ಲಿಯೂ ದಂಪತಿಗಳ ಆದಾಯ ಮೂರು ಲಕ್ಷ ಡಾಲರು ಮೀರಬಾರದೆಂಬ ಮಿತಿಯಿತ್ತು, 2025ರ ಸೆಪ್ಟೆಂಬರ್ 30ಕ್ಕೆ ಅದೂ ಕೊನೆಗೊಂಡಿತು. ಇಂಥ ನಿಯಮಗಳು ಪದೇಪದೇ ಬದಲಾಗುತ್ತವೆ. ಗಾಡಿ ಕೊಳ್ಳುವ ಮುನ್ನ ಅಂದಿನ ನಿಯಮವನ್ನು ಬೈಲಹೊಂಗಲದ ಸಾರಿಗೆ ಕಚೇರಿಯಲ್ಲಿ ಕೇಳಿ ತಿಳಿಯಿರಿ. ಮಾರುವವನ ಬಾಯಿಮಾತನ್ನು ನೆಚ್ಚಬೇಡಿ.

ಮಾರುವವರು ಎಂದಾಗ ನೆನಪಾಯಿತು. ಬೆಲೆ ಒಂದೂವರೆ ಲಕ್ಷದ ಮಿತಿಯೊಳಗಿದ್ದರೆ ಮಾತ್ರ ಸ್ಕೂಟರಿಗೆ ಸಹಾಯಧನ ಎಂಬ ನಿಯಮವಿದ್ದಾಗ ಕೆಲವು ದೊಡ್ಡ ಕಂಪನಿಗಳು ಚಾರ್ಜರಿನ ಬೆಲೆಯನ್ನು ಬೇರೆಯಾಗಿ ಬರೆದು ಗಾಡಿಯ ಬೆಲೆಯನ್ನು ಮಿತಿಯೊಳಗೆ ತೋರಿಸಿದವು. 2023ರಲ್ಲಿ ಅದು ಬಯಲಾಗಿ, ಚಾರ್ಜರಿನ ಹಣವನ್ನು ಗ್ರಾಹಕರಿಗೆ ಮರಳಿಸಲು ಅವು ಒಪ್ಪಬೇಕಾಯಿತು. ದೊಡ್ಡವರು ಹೀಗೆ ಮಾಡುವಾಗ ಸಣ್ಣವರಿಗೆ ಧೈರ್ಯ ಬರುವುದು ಸಹಜ. 2024ರ ಅಕ್ಟೋಬರ್‌ನಲ್ಲಿ ಆರಂಭವಾದ ಪಿಎಂ ಇ-ಡ್ರೈವ್ ಯೋಜನೆಯಲ್ಲಿ ಒಂದು ಆಧಾರ್ ಸಂಖ್ಯೆಗೆ ಒಂದೇ ವಾಹನ ಎಂಬ ನಿಯಮ ಬಂತು. ಆಗ ಮನೆಯ ಅಜ್ಜಿಯ ಆಧಾರ್ ಹೊರಗೆ ಬಂದದ್ದನ್ನು ನಾನು ಕೇಳಿದ್ದೇನೆ. ಎಂಬತ್ತು ವರ್ಷದ ಅಜ್ಜಿ ಸ್ಕೂಟರಿನ ಮಾಲಕಿ! ಮೊಮ್ಮಗ ಅವಳನ್ನು ಆಸ್ಪತ್ರೆಗೆ, ದೇವಾಲಯಕ್ಕೆ ಒಯ್ಯುವುದಾದರೆ ಮಾತು ಬೇರೆ. ಹೆಸರು ಮಾತ್ರ ಅವಳದು, ಗಾಡಿಯನ್ನು ಅವಳು ಕಂಡದ್ದು ಫೋಟೋ ತೆಗೆಸಿಕೊಂಡ ದಿನ ಮಾತ್ರ ಎಂದಾದರೆ ನಾವು ಆ ಮುದುಕಿಯಿಂದ ಸುಳ್ಳು ಹೇಳಿಸಿದಂತಾಯಿತು. ಹಾಗೆಯೇ ಹೊಲದ ಪಂಪಸೆಟ್ಟಿಗೆ ಸರಕಾರ ಉಚಿತವಾಗಿ ಕೊಡುವ ವಿದ್ಯುತ್ತಿನಲ್ಲಿ ಗಾಡಿ ಚಾರ್ಜ್ ಮಾಡುವುದು. ಒಂದು ದಿನ ಹೊಲದಲ್ಲಿ ಸಿಕ್ಕಿಬಿದ್ದು ಮನೆ ಮುಟ್ಟಲು ಮಾಡಿಕೊಂಡರೆ ನಾನು ಅದನ್ನು ಎತ್ತಿ ಆಡುವುದಿಲ್ಲ. ದಿನವೂ ಅದೇ ಪದ್ಧತಿಯಾದರೆ ಯೋಚಿಸಬೇಕು.

ನಾನು ಈ ಮಾತುಗಳನ್ನು ಎತ್ತರದಲ್ಲಿ ನಿಂತು ಹೇಳುತ್ತಿಲ್ಲ. ಹಲವು ವರ್ಷಗಳ ಹಿಂದೆ ಧರ್ಮಕೇಂದ್ರದ ಕೆಲಸಕ್ಕೆ ಬೈಕ್ ಕೊಂಡಾಗ ಅಂಗಡಿಯವನು ಬಿಲ್ಲಿನಲ್ಲಿ ಬೆಲೆಯನ್ನು ಇಳಿಸಿ ತೋರಿಸಿ, "ಟ್ಯಾಕ್ಸ್ ಉಳೀತೈತ್ರಿ ಫಾದರ್" ಎಂದನು. ದೇವಾಲಯದ ಹಣ ಉಳಿಯಿತೆಂದು ನಾನು ಸಹಿ ಹಾಕಿದೆ. ಸ್ವಂತಕ್ಕಲ್ಲ ಎಂಬ ಸಮಾಧಾನ ನನ್ನನ್ನು ಕುರುಡು ಮಾಡಿತ್ತು.

ಮಾಸ್ತರರ ಕಡೆಗೆ ಬರೋಣ. ಮೊದಲ ವರ್ಷ ಅವರಿಗೆ ನಿಯಮ ತಿಳಿದಿರಲಿಲ್ಲ. ತಿಳಿಯದೆ ಪಡೆದದ್ದು ತಪ್ಪೇ ಹೊರತು ಪಾಪವಲ್ಲ. ಆದರೆ ತಿಳಿದ ದಿನದಿಂದ ಅದನ್ನು ಇಟ್ಟುಕೊಳ್ಳುವುದು ಬೇರೆಯ ಮಾತು. ದಾರಿಯಲ್ಲಿ ಸಿಕ್ಕ ಹಣದ ಚೀಲದ ಮಾಲೀಕ ಯಾರೆಂದು ತಿಳಿದ ಮೇಲೆಯೂ ಇಟ್ಟುಕೊಂಡಂತೆ ಅದು. ಇದನ್ನು ಅವರು ಒಪ್ಪಿದರು. ಒಪ್ಪಿ, ಕಿಸೆಯಿಂದ ಒಂದು ಲಕೋಟೆಯನ್ನು ತೆಗೆದರು. "ಇದರಾಗ ಹನ್ನೆರಡೂವರಿ ಸಾವಿರ ಐತ್ರಿ. ಬಡವರ ನಿಧಿಗೆ ಹಾಕಿಬಿಡ್ರಿ. ಸರಕಾರಕ್ಕ ಕೊಡೂದಕಿಂತ ಇದು ಚಲೋ ಅಲ್ರಿ?"

ಓದುಗರೇ, ಆ ತಿಂಗಳು ನಮ್ಮ ಬಡವರ ನಿಧಿಯಲ್ಲಿ ಹೆಚ್ಚೇನೂ ಇರಲಿಲ್ಲ. ಒಬ್ಬ ವಿಧವೆಯ ಮಗಳ ಕಾಲೇಜಿನ ಫೀ ಬಾಕಿಯಿತ್ತು. ಕೈ ಮುಂದೆ ಹೋಗುತ್ತಿತ್ತು ಎಂದು ಒಪ್ಪಿಕೊಳ್ಳುತ್ತೇನೆ. ಆದರೆ ಅನ್ಯಾಯವಾಗಿ ಬಂದದ್ದನ್ನು ಅದರ ಮಾಲೀಕನಿಗೇ ಮರಳಿಸಬೇಕೆಂಬುದು ಧರ್ಮಸಭೆಯ ಹಳೆಯ ಬೋಧನೆ. ಮಾಲೀಕ ಯಾರೆಂದು ತಿಳಿಯದಿದ್ದಾಗ, ಅವನನ್ನು ಮುಟ್ಟಲು ಸಾಧ್ಯವೇ ಇಲ್ಲದಿದ್ದಾಗ ಬಡವರಿಗೆ ಕೊಡಬಹುದು. ಇಲ್ಲಿ ಮಾಲೀಕನ ವಿಳಾಸ ಗೊತ್ತಿದೆ, ಹಣ ಕಟ್ಟುವ ಚಲನ್ ಕೂಡ ಸಿದ್ಧವಿದೆ. ಬಡವರ ನಿಧಿಗೆ ಹಾಕಿದರೆ ಅದು ಮಾಸ್ತರರ ದಾನ ಎನಿಸಿಕೊಳ್ಳುತ್ತದೆ. ಯಾರದೋ ಹಣದಲ್ಲಿ ಅವರಿಗೆ ಪುಣ್ಯ. ಜಕ್ಕಾಯನ ಕಥೆಯನ್ನು ನಾವು ಎಷ್ಟೋ ಬಾರಿ ಕೇಳಿದ್ದೇವೆ. ಅವನು ತೆರಿಗೆ ವಸೂಲಿಯವರ ಮುಖ್ಯಸ್ಥ. ತನ್ನ ಆಸ್ತಿಯಲ್ಲಿ ಅರ್ಧವನ್ನು ಬಡವರಿಗೆ ಕೊಡುವುದಾಗಿ ಹೇಳಿದ ಮೇಲೂ, ಮೋಸದಿಂದ ಪಡೆದದ್ದಕ್ಕೆ ನಾಲ್ಕು ಪಟ್ಟನ್ನು ಮೋಸ ಹೋದವರಿಗೇ ಕೊಡುವುದಾಗಿ ಬೇರೆಯಾಗಿ ಹೇಳಿದನು. ದಾನ ಬೇರೆ, ಋಣ ಬೇರೆ ಎಂಬುದು ಆ ವ್ಯವಹಾರಸ್ಥನಿಗೆ ಸ್ಪಷ್ಟವಾಗಿತ್ತು.

ಲಕೋಟೆಯನ್ನು ಮರಳಿ ಅವರ ಕೈಗಿಟ್ಟೆ.

ದಾರಿಯೂ ಕಷ್ಟದ್ದಲ್ಲ. 2022ರಿಂದ ನವೀಕೃತ ಲೆಕ್ಕ ಸಲ್ಲಿಸುವ ಅವಕಾಶ ಬಂತು. 2025ರಲ್ಲಿ ಅದರ ಅವಧಿಯನ್ನು ಎರಡು ವರ್ಷದಿಂದ ನಾಲ್ಕು ವರ್ಷಕ್ಕೆ ಹೆಚ್ಚಿಸಿದರು. ತೆರಿಗೆ, ಅದರ ಬಡ್ಡಿ, ಎರಡೂ ಸೇರಿದ ಮೊತ್ತದ ಮೇಲೆ ಹೆಚ್ಚುವರಿಯಾಗಿ ಮೊದಲ ವರ್ಷ ಶೇಕಡ 25, ಎರಡನೆಯ ವರ್ಷ 50, ಮುಂದೆ 60, 70. ಇಲಾಖೆಯೇ ಹುಡುಕಿ ಹಿಡಿದು, ತಿಳಿದೂ ಸುಳ್ಳು ಹೇಳಿದ್ದೆಂದು ಸಾಬೀತಾದರೆ ದಂಡವು ತಪ್ಪಿಸಿದ ತೆರಿಗೆಯ ಎರಡು ಪಟ್ಟಾಗಬಹುದು. ಆದರೆ ಈ ದಂಡದ ಲೆಕ್ಕವನ್ನು ನಾನು ಅವರಿಗೆ ಕೊನೆಗೆ ಹೇಳಿದೆ. ಮೊದಲೇ ಹೇಳಿದ್ದರೆ ಅವರು ಭಯದಿಂದ ಕಟ್ಟಿದರೋ ಮನಸ್ಸಾಕ್ಷಿಯಿಂದ ಕಟ್ಟಿದರೋ ಅವರಿಗೇ ತಿಳಿಯುತ್ತಿರಲಿಲ್ಲ.

ಸೆಪ್ಟೆಂಬರ್ ಮೊದಲ ವಾರ ಮಾಸ್ತರರು ಬೇರೊಬ್ಬರ ಕೈಯಲ್ಲಿ ಲೆಕ್ಕ ತುಂಬಿಸಿದರು. ಹೊಸ ವರ್ಷದ ನಮೂನೆಯಲ್ಲಿ ಆ ಕಲಮಿನ ಮುಂದೆ ಏನೂ ಬರೆಯಲಿಲ್ಲ. ಹಳೆಯದಕ್ಕೆ ಎಲ್ಲ ಸೇರಿ ಹದಿನೆಂಟು ಸಾವಿರದ ಆಸುಪಾಸು ಕಟ್ಟಬೇಕಾಯಿತು. ಅವರ ಮನೆಯವರು ನನ್ನ ಮೇಲೆ ಸ್ವಲ್ಪ ದಿನ ಮುನಿಸಿಕೊಂಡಿದ್ದರು. "ಎಲ್ಲಾರೂ ತಿಂದು ತೇಗತಾರ ಫಾದರ್, ನೀವು ನಮ್ಮನ್ನ ಅಷ್ಟ ಹಿಡೀತೀರಿ" ಎಂದರು. ಅವರಿಗೆ ಕೊಡಲು ನನ್ನ ಬಳಿ ಒಳ್ಳೆಯ ಉತ್ತರವಿರಲಿಲ್ಲ. ಅವರು ಕೊಟ್ಟ ಚಹಾ ಕುಡಿದು ಬಂದೆ.

ವಿಧವೆಯ ಮಗಳ ಫೀಗೆ ಅಕ್ಟೋಬರ್‌ನಲ್ಲಿ ಮಾಸ್ತರರು ತಮ್ಮ ಸಂಬಳದಿಂದ ಎರಡು ಸಾವಿರ ಕೊಟ್ಟರು. ಕೊಡುವಾಗ ಮೆಲ್ಲಗೆ ಕೇಳಿದರು: "ನಿಮ್ಮ ಆ ಹಳೇ ಬೈಕಿನ ಟ್ಯಾಕ್ಸ್ ಏನಾತ್ರಿ ಫಾದರ್?" ಬೈಕ್ ಎಂದೋ ಗುಜರಿಗೆ ಹೋಗಿದೆ, ಆ ಅಂಗಡಿಯೂ ಮುಚ್ಚಿದೆ. ಸಾರಿಗೆ ಕಚೇರಿಯಲ್ಲಿ ಇಷ್ಟು ವರ್ಷಗಳ ನಂತರ ಅದನ್ನು ಕಟ್ಟಿಸಿಕೊಳ್ಳುವ ದಾರಿ ಇದೆಯೇ ಎಂದು ಕೇಳಲು ನಾನು ಮುಂದಿನ ಸೋಮವಾರ ಹೋಗುವವನಿದ್ದೇನೆ.